ವಂಶದ ಉಬ್ಬಸ, ಊರಿನ ಗಾಳಿ

ಜೂನ್ ಮೊದಲಲ್ಲಿ, ಮೃಗಶಿರಾ ಮಳೆ ಹುಟ್ಟುವ ಹೊತ್ತಿಗೆ, ಹೈದರಾಬಾದಿನ ನಾಂಪಲ್ಲಿ ಎಕ್ಸಿಬಿಷನ್ ಮೈದಾನದಲ್ಲಿ ಸಾವಿರಾರು ಉಬ್ಬಸ ರೋಗಿಗಳು ಸಾಲುಗಟ್ಟುತ್ತಾರೆ. ಬತ್ತಿನಿ ಮನೆತನದವರು ಪುಟ್ಟ ಜೀವಂತ ಮೀನಿನ ಬಾಯಲ್ಲಿ ಮದ್ದಿಟ್ಟು ನುಂಗಿಸುತ್ತಾರೆ; 1845ರಿಂದ ನಡೆದುಬಂದದ್ದು ಎಂಬುದು ಅವರ ಮಾತು. ಅದು ರೋಗ ಕಳೆಯುತ್ತದೆಂದು ಯಾವ ಪರೀಕ್ಷೆಯೂ ತೋರಿಸಿಲ್ಲ. ಆದರೂ ಜನ ಬರುತ್ತಾರೆ, ಏಕೆಂದರೆ ‘ನಮ್ಮ ವಂಶದಲ್ಲೇ ದಮ್ಮಿದೆ’ ಎಂದುಕೊಂಡವರಿಗೆ ಪವಾಡವಲ್ಲದೆ ಬೇರೆ ದಾರಿ ಕಾಣುವುದಿಲ್ಲ. ಆ ಮಾತು ಅರ್ಧ ಸತ್ಯ. ಜನ ಕೈಚೆಲ್ಲಿ ಕೂರುವಂತೆ ಮಾಡಿರುವುದು ಅದರ ಉಳಿದರ್ಧ.

ಅವಳಿ ಮಕ್ಕಳ ಅಧ್ಯಯನಗಳು ಅಸ್ತಮಾದಲ್ಲಿ ಆನುವಂಶಿಕತೆಯ ಪಾಲು ದೊಡ್ಡದೆಂದೇ ಹೇಳುತ್ತವೆ. 2007ರಲ್ಲಿ 17ನೇ ವರ್ಣತಂತುವಿನ ಒಂದು ಭಾಗಕ್ಕೂ ಬಾಲ್ಯದ ಅಸ್ತಮಾಕ್ಕೂ ಇರುವ ನಂಟು ಪತ್ತೆಯಾಯಿತು. ಮರುವರ್ಷವೇ ಇನ್ನೊಂದು ಸಂಗತಿ ಹೊರಬಿತ್ತು: ಎಳವೆಯಲ್ಲೇ ತಂಬಾಕಿನ ಹೊಗೆಯಲ್ಲಿ ಉಸಿರಾಡಿದ ಮಕ್ಕಳಲ್ಲಿ ಆ ನಂಟು ಇನ್ನೂ ಗಟ್ಟಿ. ಅಂದರೆ ವಂಶ ಕೊಡುವುದು ಸಿಡಿಮದ್ದನ್ನು, ಕಿಡಿ ಬೀಳುವುದು ಮನೆಯೊಳಗೆ, ಬೀದಿಯಲ್ಲಿ. ಬೆಂಗಳೂರಿನ ಡಾ. ಎಚ್. ಪರಮೇಶ್ ಅವರ ಆಸ್ಪತ್ರೆ ಲೆಕ್ಕದಲ್ಲಿ 1979ರಲ್ಲಿ ಶೇ. 9ರಷ್ಟಿದ್ದ ಮಕ್ಕಳ ಅಸ್ತಮಾ 1999ಕ್ಕೆ ಶೇ. 29.5ಕ್ಕೇರಿತ್ತು. ಇಪ್ಪತ್ತು ವರ್ಷದಲ್ಲಿ ಒಂದು ಊರಿನ ಜೀನ್‌ಗಳು ಬದಲಾಗುವುದಿಲ್ಲ. ಆಸ್ಪತ್ರೆಗೆ ಬರುವವರು, ರೋಗ ಗುರುತಿಸುವವರು ಹೆಚ್ಚಿದ್ದರಿಂದ ಹೀಗಾಯಿತೆಂದು ಯಾರಾದರೂ ಹೇಳಬಹುದು. ಒಂದಷ್ಟು ನಿಜವೂ ಹೌದು. ಆದರೆ ಅಮೆರಿಕದ ಆಮಿಶ್ ಮತ್ತು ಹಟ್ಟರೈಟ್ ರೈತರನ್ನು ನೋಡಿ. ಇಬ್ಬರದೂ ಹತ್ತಿರದ ವಂಶಮೂಲ, ಹೋಲುವ ಊಟ. 2016ರ ಅಧ್ಯಯನ ಕೊಟ್ಟ ಲೆಕ್ಕದಂತೆ ಅಸ್ತಮಾ ಆಮಿಶ್ ಮಕ್ಕಳಲ್ಲಿ ಶೇ. 5, ಯಂತ್ರದ ಬೇಸಾಯಕ್ಕೆ ಹೊರಳಿದ ಹಟ್ಟರೈಟ್ ಮಕ್ಕಳಲ್ಲಿ ಶೇ. 21. ಆಮಿಶ್ ಮಕ್ಕಳನ್ನು ಕಾಪಾಡಿದ್ದು ದನದ ಕೊಟ್ಟಿಗೆಯ ಒಡನಾಟವೆಂಬುದು ಆ ಅಧ್ಯಯನದ ಸೂಚನೆ.

ಹಾಗಾದರೆ ತಳಿವಿಜ್ಞಾನಕ್ಕೆ ಹಣ ಸುರಿಯುವುದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಸ್ತಮಾ ಎಂಬ ಒಂದೇ ಹೆಸರಿನಡಿ ಹಲವು ರೋಗಗಳಿವೆ. ಯಾರಿಗೆ ಯಾವುದೆಂದು ಬಿಡಿಸಲು ಜೀನ್‌ಗಳ ಸುಳಿವು ಬೇಕು. ಟಿಎಸ್‌ಎಲ್‌ಪಿ ಜೀನಿನ ಪ್ರೋಟೀನನ್ನು ತಡೆಯುವ ಔಷಧಿಗೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಆದರೆ ಇಂಥ ಹುಡುಕಾಟಗಳ ಬಹುಪಾಲು ಯುರೋಪ್ ಮೂಲದವರ ರಕ್ತದಲ್ಲೇ ನಡೆದಿದೆ. ಮೀನು ಮದ್ದಿನ ನಗರದಲ್ಲೇ ಇರುವ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕೆ. ತಂಗರಾಜ್ ಮತ್ತವರ ಸಂಗಡಿಗರು 2017ರಲ್ಲಿ ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 81, ಕೆಲವೇ ಪೂರ್ವಜರಿಂದ ಬೆಳೆದು ಒಳಮದುವೆಯಲ್ಲೇ ಉಳಿದ ಗುರುತನ್ನು ಫಿನ್‌ಲೆಂಡಿನವರಿಗಿಂತ ಗಾಢವಾಗಿ ಹೊತ್ತಿವೆ. ಹಾಗಾಗಿ ಪರದೇಶದ ಜೀನ್ ಪಟ್ಟಿಯನ್ನು ಇಲ್ಲಿಗೆ ಹಾಗೇ ತಂದು ಅಂಟಿಸಲಾಗದು. ಆದರೆ ಇಲ್ಲಿ ಸಿದ್ಧವಾಗುವ ಪಟ್ಟಿ ಹೆಣ್ಣು ನೋಡಲು ಬಂದವರ ಕೈಗೆ ಸಿಕ್ಕರೆ ಅನಾಹುತ. ‘ಆ ಮನೆಯ ರಕ್ತ ಸರಿಯಿಲ್ಲ’ ಎನ್ನಲು ನಮ್ಮಲ್ಲಿ ನಾಲಿಗೆಗಳು ಈಗಾಗಲೇ ಸಾಕಷ್ಟಿವೆ.

ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಭಾರತದವರು ಸುಮಾರು ಶೇ. 13, ಸಾವುಗಳಲ್ಲಿ ಶೇ. 40ಕ್ಕೂ ಹೆಚ್ಚು. ಈ ಅಂತರಕ್ಕೆ ಜೀನನ್ನು ದೂರುವ ಮೊದಲು, ‘ಪಂಪು (ಇನ್ಹೇಲರ್) ಹಿಡಿದರೆ ಚಟವಾಗುತ್ತದೆ’ ಎಂಬ ಭಯವನ್ನು ನೋಡಬೇಕು. ಆ ಪಂಪಿನಿಂದ ಉಸಿರಿನ ಮೂಲಕ ಎಳೆದುಕೊಳ್ಳುವ ಸ್ಟೀರಾಯ್ಡ್ ಅತಿ ಕಡಿಮೆ ಪ್ರಮಾಣದ್ದು. ಊತವಿರುವ ಶ್ವಾಸನಾಳಕ್ಕೇ ನೇರ ತಲುಪುತ್ತದೆ. ಅಪ್ಪನಿಗೆ ಉಬ್ಬಸವಿದೆಯೆಂದು ಗೊತ್ತಿರುವ ಮನೆಯಲ್ಲಿ ಮಗು ರಾತ್ರಿ ಕೆಮ್ಮಿ ಎದ್ದು ಕೂತರೆ, ಆ ವಂಶದ ಸುದ್ದಿ ಮೊದಲು ಮುಟ್ಟಬೇಕಾದದ್ದು ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು, ಮೃಗಶಿರಾ ಮಳೆ ಬರುವವರೆಗೆ ಕಾಯದೆ.