ಹೊರಾಂಗಣ ದಿನದ ಹೊಟ್ಟೆನೋವು

ಸ್ಯಾನ್ ಹೋಸೆಯ ಪೂರ್ವ ಬೆಟ್ಟಗಳ ತಪ್ಪಲಲ್ಲಿರುವ ಎವರ್‌ಗ್ರೀನ್‌ನ ಸರ್ಕಾರಿ ಶಾಲೆಯೊಂದರಲ್ಲಿ, ಹೊರಾಂಗಣ ದಿನದ ಬೆಳಿಗ್ಗೆ ಒಬ್ಬಿಬ್ಬರು ಮಕ್ಕಳಿಗೆ ತಪ್ಪದೆ ಹೊಟ್ಟೆನೋವು ಬರುತ್ತದೆ. ಶಿಕ್ಷಕಿಗೆ ಕಾರಣ ಗೊತ್ತು. ಬಸ್ಸಿನ ಖರ್ಚಿಗೆ ‘ಸ್ವಯಂಪ್ರೇರಿತ ದೇಣಿಗೆ’ ಕೋರಿದ ಪತ್ರ ಆ ಮಕ್ಕಳ ಚೀಲದಲ್ಲಿಯೇ ಮಡಚಿಕೊಂಡು ಉಳಿದಿದೆ. ಕೊಡದಿದ್ದರೂ ಬರಬಹುದೆಂದು ಪತ್ರದ ಕೊನೆಯ ಸಾಲು ಹೇಳುತ್ತದೆ, ನಿಜ. ಆದರೆ ಎರಡು ಪಾಳಿ ದುಡಿಯುವ ತಾಯಿಯ ಮಗಳು ಅಲ್ಲಿಯವರೆಗೆ ಓದುವುದಿಲ್ಲ. ಮೊತ್ತವನ್ನು ಕಂಡೊಡನೆ ಪತ್ರವನ್ನು ಬಚ್ಚಿಡುತ್ತಾಳೆ.

ಅದೇ ತರಗತಿಯಲ್ಲಿ ಇನ್ನೊಂದು ಬಗೆಯ ಗೈರುಹಾಜರಿಯೂ ಉಂಟು. ಅದು ಕನ್ನಡದ ಮನೆಗಳಿಂದಲೂ ಬರುತ್ತದೆ. ಮಗನನ್ನು ತೊರೆಯ ದಂಡೆಯಲ್ಲಿ ಅಲೆಸುವುದರಿಂದ ಯಾವ ಪರೀಕ್ಷೆಗೆ ಪ್ರಯೋಜನವೆಂದು ಕೇಳಿ ಬರೆಯುವ ತಂದೆ, ದೇಣಿಗೆಯನ್ನು ಮಾತ್ರ ಧಾರಾಳವಾಗಿ ಕಳುಹಿಸುತ್ತಾನೆ. ಹಣ ಬರುತ್ತದೆ, ಮಗು ಬರುವುದಿಲ್ಲ. ಸಂಘದ ವೇದಿಕೆಯಲ್ಲಿ ಶಿವರಾಮ ಕಾರಂತರ ಹೆಸರಿಗೆ ಚಪ್ಪಾಳೆ ತಟ್ಟುವ ಕೈಯೂ ಇದೇ. ಪುತ್ತೂರಿನ ಬಾಲವನದಲ್ಲಿ ಅದೇ ಕಾರಂತರು ಮಕ್ಕಳನ್ನು ಪಠ್ಯಪುಸ್ತಕದಿಂದಾಚೆಗೆ ಕರೆದೊಯ್ಯಲು ಪಟ್ಟ ಪಾಡು ಯಾರಿಗೆ ನೆನಪಿದೆ?

ಆ ದಿನ ನಡೆಯುವುದಾದರೂ ಏನು? 1872ರಲ್ಲಿಯೇ ಉದ್ಯಾನವಾದ ಆಲಂ ರಾಕ್‌ನಲ್ಲಿ, ಪೆನಿಟೆನ್ಷಿಯಾ ತೊರೆಯ ಬದಿಯ ಗಂಧಕದ ಬುಗ್ಗೆಗಳ ಮುಂದೆ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ. ಓಕ್ ಮರದ ಕಾಯಿಗಳನ್ನು ಜೇಬಿಗೆ ತುಂಬಿಕೊಳ್ಳುತ್ತಾರೆ. ಒಲೋನಿ ಜನರು ಈ ಕಾಯಿಗಳನ್ನು ಕುಟ್ಟಿ, ನೀರಿನಲ್ಲಿ ತೊಳೆದು ಕಹಿ ತೆಗೆದು ಅಂಬಲಿ ಕಾಯಿಸುತ್ತಿದ್ದರೆಂದು ಶಿಕ್ಷಕಿ ಹೇಳುತ್ತಾಳೆ. “ಅವರೆಲ್ಲ ಎಲ್ಲಿಗೆ ಹೋದರು?” ಎಂದು ಹುಡುಗನೊಬ್ಬ ಕೇಳುತ್ತಾನೆ. ಅವರ ವಂಶಜರು ಇದೇ ಕೊಲ್ಲಿ ಪ್ರದೇಶದಲ್ಲಿದ್ದಾರೆ, ನೆಲ ಮಾತ್ರ ಅವರ ಕೈಯಲ್ಲಿಲ್ಲ ಎಂಬ ಉತ್ತರವನ್ನು ಆಕೆ ಅಲ್ಲಿ, ಆ ನೆಲದ ಮೇಲೆಯೇ ನಿಂತು ಕೊಡಬೇಕಾಗುತ್ತದೆ. ಗೋಡೆಯ ನಕಾಶೆಯ ಮುಂದೆ ಈ ಪ್ರಶ್ನೆ ಹುಟ್ಟಿದ್ದಿಲ್ಲ. ಹೊಟ್ಟೆನೋವಿನ ಹುಡುಗಿ ಅದನ್ನು ಕೇಳಿಸಿಕೊಳ್ಳಲೂ ಇಲ್ಲ.

ಕಾನೂನು ಆಕೆಯ ಪಕ್ಷದಲ್ಲಿದೆ. ಕ್ಯಾಲಿಫೋರ್ನಿಯಾದ 1879ರ ಸಂವಿಧಾನ ಉಚಿತ ಶಾಲೆಯ ಭರವಸೆ ಕೊಟ್ಟಿತು. 1984ರಲ್ಲಿ ಹಾರ್ಟ್ಜೆಲ್ ಪ್ರಕರಣದಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಪಠ್ಯೇತರ ಚಟುವಟಿಕೆಗಳಿಗೂ ಶುಲ್ಕ ಕೂಡದೆಂದಿತು. ಬಡವರಿಗೆ ವಿನಾಯಿತಿ ಕೊಟ್ಟರೂ ಆ ಶುಲ್ಕ ಸಿಂಧುವಾಗದು ಎಂದಿತು. ಹಣವಿಲ್ಲವೆಂಬ ಕಾರಣಕ್ಕೆ ಯಾವ ಮಗುವನ್ನೂ ಪ್ರವಾಸದಿಂದ ತಡೆಯಬಾರದೆಂದು ಶಿಕ್ಷಣ ಸಂಹಿತೆಯ 35330ನೇ ಕಲಂ ವಿಧಿಸುತ್ತದೆ. ಇಷ್ಟಾದ ಮೇಲೆ ಉಳಿದದ್ದು ‘ದೇಣಿಗೆ’ ಎಂಬ ಪದ. ಕಾನೂನು ಅದನ್ನು ಒಪ್ಪುತ್ತದೆ. ಶುಲ್ಕ ಮಾಡುವ ಕೆಲಸವನ್ನು ಅದು ಸದ್ದಿಲ್ಲದೆ ಮಾಡುತ್ತದೆ.

ಶಾಲೆ ಕೈಚಾಚುವುದೇಕೆ? 1978ರ 13ನೇ ಪ್ರಸ್ತಾವವು ಆಸ್ತಿ ತೆರಿಗೆಯನ್ನು ಕೊಂಡ ಬೆಲೆಗೆ ಕಟ್ಟಿಹಾಕಿತು; ತೆರಿಗೆಯ ಲೆಕ್ಕದಲ್ಲಿ ಮನೆಯ ಬೆಲೆ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಎರಡು ದಶಕಗಳ ಹಿಂದೆ ಎವರ್‌ಗ್ರೀನ್‌ನಲ್ಲಿ ಮನೆ ಕೊಂಡ ಕನ್ನಡಿಗ ಎಂಜಿನಿಯರ್ ಇಂದಿಗೂ ಆ ಹಳೆಯ ಲೆಕ್ಕದ ನೆರಳಿನಲ್ಲಿಯೇ ತೆರಿಗೆ ಕಟ್ಟುತ್ತಾನೆ. ಹೀಗೆ ಉಳಿಸಿದ್ದರಲ್ಲಿ ಒಂದು ಚೂರನ್ನು ಚೆಕ್ಕಿನಲ್ಲಿ ಬರೆದು, ಅದನ್ನೇ ಔದಾರ್ಯವೆಂದು ನಂಬುತ್ತಾನೆ.

ಬೇಡಿಕೆ ದೊಡ್ಡದೇನಲ್ಲ. ಬಸ್ಸಿನ ಬಾಡಿಗೆ ಆಯವ್ಯಯದಲ್ಲಿ ಸೇರಲಿ, ಪತ್ರದಿಂದ ಮೊತ್ತ ಅಳಿಯಲಿ. ಶಿಕ್ಷಕಿ ಇದನ್ನು ಆಡಳಿತ ಮಂಡಳಿಯ ಸಭೆಯಲ್ಲಿ, ಸಾರ್ವಜನಿಕರಿಗೆ ಮೀಸಲಾದ ಎರಡು ನಿಮಿಷದಲ್ಲಿ ಕೇಳಿದ್ದಾಳೆ. ಅಂದು ಆಕೆಯ ಹಿಂದಿನ ಕುರ್ಚಿಗಳಲ್ಲಿ ಪೋಷಕರು ಯಾರೂ ಇರಲಿಲ್ಲ.