ಲಂಡನ್ನಿನ ಘಮ, ಬೆಂಗಳೂರಿನ ಯಜಮಾನಿಕೆ

ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ ಯಾರ್ಡ್ಲಿ ಪೌಡರ್ ಕೊಂಡರೆ ಡಬ್ಬಿಯ ಜೊತೆ ಒಂದು ವಂಶಾವಳಿಯೂ ಬರುತ್ತದೆ: ಲಂಡನ್, 1770. ಕರಾವಳಿಯ ಬೆವರಿಗೆ ಪೌಡರು, ಮನಸ್ಸಿಗೆ ಪರಂಪರೆ. ನನ್ನ ತಕರಾರು ಈ ಎರಡನೆಯ ಸರಕಿನ ಬಗ್ಗೆ.

ಪರಂಪರೆ ಸುಳ್ಳಲ್ಲ. ಇಂಗ್ಲಿಷ್ ಲ್ಯಾವೆಂಡರ್ 1873ರದು. 1910ಕ್ಕೆ ಅಂಗಡಿ ಬಾಂಡ್ ಸ್ಟ್ರೀಟಿಗೆ ಬಂತು. ಮುಂದೆ ರಾಜಮನೆತನದ ಮುದ್ರೆಯೂ ಬಿತ್ತು. ಆದರೆ ಕತೆ ಅಲ್ಲಿಗೇ ನಿಂತುಬಿಡುತ್ತದೆ. 1967ರಲ್ಲಿ ಈ ಹೂವಿನ ಮನೆಯನ್ನು ಕೊಂಡದ್ದು ಸಿಗರೇಟು ಕಂಪನಿ, ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ. ಕೈಯಿಂದ ಕೈಗೆ ದಾಟಿ 1998ರಲ್ಲಿ ಅದು ಸಾಲಗಾರರ ಪಾಲಾಯಿತು. 2009ರಲ್ಲಿ ಏಷ್ಯಾದ ವ್ಯವಹಾರವನ್ನು ಬೆಂಗಳೂರಿನ ವಿಪ್ರೋ ಕೊಂಡಿತು. 1770 ದಪ್ಪಕ್ಷರದಲ್ಲಿದೆ, 2009 ಎಲ್ಲೂ ಇಲ್ಲ.

‘ನಮ್ಮವರೇ ಇಂಗ್ಲಿಷರ ಮನೆ ಕೊಂಡರು, ಹೆಮ್ಮೆ ಬೇಡವೇ?’ ಎನ್ನುವವರಿದ್ದಾರೆ. ಹೆಮ್ಮೆ ಯಾತಕ್ಕೆ? ಕೊಂಡದ್ದು ಲಂಡನ್ನಿನ ಹೆಸರು. ಮಾರುತ್ತಿರುವುದು ಲಂಡನ್ ಎಂದರೆ ನಮಗಿರುವ ಹಳೆಯ ಬೆರಗು. ಕೊಳ್ಳುವವರು ನಾವೇ, ಯಜಮಾನರೂ ನಾವೇ, ದೊಡ್ಡವರು ಮಾತ್ರ ಇಂದಿಗೂ ಅವರೇ!

ಇದಕ್ಕೆ ಬೇರೆ ದಾರಿಯಿತ್ತು, ನಾವೇ ನಡೆದ ದಾರಿ. ಮೊದಲ ಮಹಾಯುದ್ಧದಲ್ಲಿ ಯೂರೋಪಿಗೆ ಹೋಗಬೇಕಿದ್ದ ಶ್ರೀಗಂಧ ಮೈಸೂರಿನಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ 1916ರಲ್ಲಿ ಗಂಧದೆಣ್ಣೆ ತೆಗೆಸಲು ಶುರುಮಾಡಿದರು. ಸೋಪಿನ ಕೆಲಸ ಕಲಿಯಲು ಎಸ್. ಜಿ. ಶಾಸ್ತ್ರಿಯವರು ಇಂಗ್ಲೆಂಡಿಗೇ ಹೋದರು. ಕಲಿತು ಬಂದು ಮಾಡಿದ ಸೋಪಿಗೆ ಇಟ್ಟ ಹೆಸರು ಮೈಸೂರಿನದು. ಅವರು ಇಂಗ್ಲೆಂಡಿನಿಂದ ತಂದದ್ದು ವಿದ್ಯೆ; ನಾವು ತಂದದ್ದು ವಿಳಾಸ.

ಆ ಹೆಸರಿನ ಹಿಂದಿನ ಗಂಧದ ಮರವನ್ನೂ ನಾವು ಚೆನ್ನಾಗಿ ಕಾಯಲಿಲ್ಲ, ನಿಜ. ತನ್ನ ಹೊಲದ ಮರ ತನ್ನದೆಂದು ಹೇಳಿಕೊಳ್ಳಲು ಕರ್ನಾಟಕದ ರೈತ 2001ರ ಕಾನೂನು ತಿದ್ದುಪಡಿಯವರೆಗೆ ಕಾಯಬೇಕಾಯಿತು. ಪರಂಪರೆ ಉಳಿಯುವುದು ಬೆಳೆಯುವವರ ಕೈಯಲ್ಲಿ. ಅವರನ್ನು ಮರೆತರೆ ಉಳಿಯುವುದು ಡಬ್ಬಿಯ ಮೇಲಿನ ಇಸವಿ ಮಾತ್ರ.

ಆದ್ದರಿಂದ ಬೇಡಿಕೆ ಸರಳ. ಇಸವಿ ಬರೆಯುವ ಕಂಪನಿ, ಯಾವುದೇ ಇರಲಿ, ಈಗಿನ ಯಜಮಾನರ ಹೆಸರನ್ನೂ ಅಷ್ಟೇ ದಪ್ಪಕ್ಷರದಲ್ಲಿ ಬರೆಯಲಿ. ಡಬ್ಬಿಯ ಮೇಲೆ ಹೂವಿನ ಚಿತ್ರವಿದ್ದರೆ, ಒಳಗಿನ ಘಮ ಹೂವಿನದೋ ಪ್ರಯೋಗಾಲಯದ್ದೋ ಹೇಳಲಿ. ಹೂವಿನದಾದರೆ ಯಾವ ಊರಿನದೆಂದೂ ಹೇಳಲಿ. ವಿಜಯವಾಡದಲ್ಲಿ ಮಲ್ಲಿಗೆ ಮಾರುವಾಕೆ ಯಾವ ಇಸವಿಯನ್ನೂ ಹೇಳುವುದಿಲ್ಲ. ಹೂವು ಇವತ್ತಿನದೇ ಎಂದಷ್ಟೇ ಹೇಳುತ್ತಾಳೆ. ಮೂಸಿ ನೋಡಿ ಕೊಳ್ಳಬಹುದು.