ಆರೋಗ್ಯ ದಾಸೋಹ: ಗುಳ್ಳೆ ಮಾಯ್ದ ಮೇಲೂ ಉಳಿಯುವ ನೋವು



ಮೈಮೇಲೆ ಗುಳ್ಳೆಗಳಿದ್ದ ಎರಡು ಮೂರು ವಾರ ಹಿರಿಯರನ್ನು ಹೂವಿನಂತೆ ನೋಡಿಕೊಂಡ ಮನೆಯಲ್ಲೇ, ನಾಲ್ಕು ತಿಂಗಳು ಕಳೆದ ಬಳಿಕ ‘ಎಲ್ಲ ವಾಸಿಯಾಯಿತಲ್ಲ, ಇನ್ನೂ ಏನು ಗೋಳು?’ ಎಂಬ ಮಾತು ಕೇಳಿಬರುವುದುಂಟು. ಸರ್ಪಸುತ್ತು ಎಂಬ ವ್ಯಾಧಿಯ ಸ್ವಭಾವವೇ ಇಂಥದ್ದು. ಕಣ್ಣಿಗೆ ಕಾಣುವ ಭಾಗ ಬೇಗ ಮಾಯುತ್ತದೆ. ಕಾಣದ ಭಾಗ ಒಳಗೇ ಉಳಿದು ಉರಿಯುತ್ತಿರುತ್ತದೆ. ಆಗ ನರಳುವವರಿಗೆ ನೋವನ್ನು ಸಹಿಸುವುದರ ಜೊತೆಗೆ, ಆ ನೋವು ನಿಜವೆಂದು ಮನೆಯವರಿಗೆ ನಂಬಿಸುವ ಭಾರವೂ ಬೀಳುತ್ತದೆ. ಈ ತಿಂಗಳ ಅಂಕಣದಲ್ಲಿ ಆ ಎರಡನೆಯ ಭಾರವನ್ನು ಇಳಿಸುವ ಬಗೆಯನ್ನು ಮುಖ್ಯವಾಗಿ ವಿಚಾರಿಸಬೇಕೆಂದಿದ್ದೇವೆ.

ಮೊದಲು ವ್ಯಾಧಿಯ ಮೂಲವನ್ನು ತಿಳಿಯೋಣ. ಬಾಲ್ಯದಲ್ಲಿ ನಮ್ಮಲ್ಲಿ ಬಹುಮಂದಿಗೆ ಸೀತಾಳೆ ಸಿಡುಬು ಬಂದುಹೋಗಿರುತ್ತದೆ. ಮನೆಮಾತಿನಲ್ಲಿ ‘ಅಮ್ಮ ಆಗಿದೆ’ ಎನ್ನುತ್ತೇವೆ. ಮೈಮೇಲಿನ ಗುಳ್ಳೆ ಹೋದರೂ ಅದಕ್ಕೆ ಕಾರಣವಾದ ವೈರಾಣು ದೇಹವನ್ನು ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದಲ್ಲಿರುವ ನರಗಂಟುಗಳಲ್ಲಿ ಅಡಗಿ ಹತ್ತಾರು ವರ್ಷ ಮಲಗಿರುತ್ತದೆ. ವಯಸ್ಸು ಐವತ್ತನ್ನು ದಾಟಿ ದೇಹದ ರೋಗನಿರೋಧಕ ಶಕ್ತಿ ಕುಗ್ಗಿದಾಗ, ಇಲ್ಲವೆ ಸ್ಟೀರಾಯ್ಡ್ ಔಷಧಗಳಿಂದಲೋ ಕ್ಯಾನ್ಸರಿನಿಂದಲೋ ಆ ಶಕ್ತಿ ತಗ್ಗಿದಾಗ ಅದು ಎಚ್ಚೆತ್ತು, ತಾನಿದ್ದ ಒಂದು ನರದ ಜಾಡನ್ನೇ ಹಿಡಿದು ಚರ್ಮಕ್ಕೆ ಬರುತ್ತದೆ. ಮಧುಮೇಹಿಗಳಲ್ಲಿಯೂ ಇದರ ಅಪಾಯ ಇತರರಿಗಿಂತ ಹೆಚ್ಚು. ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಎಂಬ ಸಣ್ಣ ಊರಿನ ವೈದ್ಯರಾಗಿದ್ದ ಎಡ್ಗರ್ ಹೋಪ್-ಸಿಂಪ್ಸನ್ ಅವರು ತಮ್ಮಲ್ಲಿಗೆ ಬರುತ್ತಿದ್ದ ರೋಗಿಗಳನ್ನು 16 ವರ್ಷ ಗಮನಿಸಿ, 1965ರಲ್ಲಿ ಈ ವಿಚಾರವನ್ನು ಜಗತ್ತಿನ ಮುಂದಿಟ್ಟರು. ದೊಡ್ಡ ಪ್ರಯೋಗಾಲಯವಿಲ್ಲದೆ, ಬಂದವರ ಮಾತನ್ನು ತಾಳ್ಮೆಯಿಂದ ಕೇಳಿ ಬರೆದಿಟ್ಟದ್ದರಿಂದಲೇ ಇದು ಸಾಧ್ಯವಾಯಿತೆಂಬುದು ನಮಗೆ ಬಹಳ ಮೆಚ್ಚುಗೆಯಾದ ಸಂಗತಿ. ವೈದ್ಯವನ್ನೇ ಕಾಯಕವಾಗಿಸಿಕೊಂಡಿದ್ದ ನಮ್ಮ ವೈದ್ಯ ಸಂಗಣ್ಣನವರ ಪರಂಪರೆಗೆ ಇಂಥವರೂ ಸೇರಿದವರೆಂದೇ ನಾವು ಭಾವಿಸುತ್ತೇವೆ.

ಗ್ರೀಕರು ಈ ವ್ಯಾಧಿಗೆ ಇಟ್ಟ ಹೆಸರಿನ ಅರ್ಥ ಸೊಂಟಪಟ್ಟಿ ಎಂದು. ನಮ್ಮವರು ಅದೇ ಪಟ್ಟಿಯಲ್ಲಿ ಮೈಗೆ ಸುತ್ತಿಕೊಂಡ ಸರ್ಪವನ್ನು ಕಂಡರು. ಹೆಸರಿನಲ್ಲಿ ದೋಷವೇನಿಲ್ಲ, ಹೆಸರಿನ ಬೆನ್ನಿಗೆ ಬಂದ ಭಯದಲ್ಲಿದೆ ದೋಷ. ‘ಸರ್ಪದ ತಲೆಯೂ ಬಾಲವೂ ಕೂಡಿದರೆ ಪ್ರಾಣ ಉಳಿಯದು’ ಎಂದು ಇಂದಿಗೂ ಹೇಳುತ್ತಾರೆ. ಬೆನ್ನುಹುರಿಯಿಂದ ಹೊರಡುವ ನರಗಳು ಎಡಕ್ಕೊಂದು ಬಲಕ್ಕೊಂದರಂತೆ ಜೋಡಿಯಾಗಿವೆ. ಎದೆಯ ಭಾಗದಲ್ಲಿ ಇಂಥ 12 ಜೋಡಿಗಳುಂಟು. ಎಡಬದಿಯ ನರ ಎದೆಯ ನಡುಗೆರೆಯ ಹತ್ತಿರ ಮುಗಿಯುತ್ತದೆ, ಬಲಬದಿಯದೂ ಹಾಗೆಯೇ. ವೈರಾಣು ಸಾಮಾನ್ಯವಾಗಿ ಒಂದೇ ಬದಿಯ ನರವನ್ನು ಹಿಡಿಯುವುದರಿಂದ ಗುಳ್ಳೆಗಳ ಪಟ್ಟಿ ನಡುವಿನಲ್ಲಿ ನಿಲ್ಲುತ್ತದೆ. ಅಪರೂಪಕ್ಕೆ ಎರಡೂ ಬದಿಯಲ್ಲಿ ಬಂದರೆ ಅದು ರೋಗನಿರೋಧಕ ಶಕ್ತಿ ಬಹಳ ಕುಗ್ಗಿರುವುದರ ಸೂಚನೆಯಾಗಬಹುದು. ತಡಮಾಡದೆ ವೈದ್ಯರಿಗೆ ತೋರಿಸಬೇಕು. ಆದರೆ ಪಟ್ಟಿಯ ಎರಡು ತುದಿ ಕೂಡಿದ್ದರಿಂದ ಯಾರೂ ಸಾಯುವುದಿಲ್ಲ.

ಇನ್ನು ನಾಗದೋಷದ ಮಾತು. ನಾಗಪೂಜೆಯನ್ನು ಕುರಿತು ಬಸವಣ್ಣನವರು ಏನು ಹೇಳಿದ್ದಾರೆಂಬುದು ನಮ್ಮ ಓದುಗರಿಗೆ ತಿಳಿಯದ್ದೇನಲ್ಲ. ಆದರೂ ಲಿಂಗವಂತರ ಮನೆಗಳಿಂದಲೇ ಕೆಮ್ಮಣ್ಣು ಬರೆಸಲು, ಮಂತ್ರ ಹಾಕಿಸಲು ಓಡುವವರನ್ನು ನಾವು ಕಂಡಿದ್ದೇವೆ. ಗುಳ್ಳೆಗಳು ಏಳರಿಂದ ಹತ್ತು ದಿನಗಳಲ್ಲಿ ಹೊಪ್ಪಳೆಗಟ್ಟುತ್ತವೆ, ಎರಡರಿಂದ ನಾಲ್ಕು ವಾರಗಳಲ್ಲಿ ತಾವಾಗಿಯೇ ಮಾಯುತ್ತವೆ. ಅಷ್ಟರಲ್ಲಿ ಏನು ಬಳಿದರೂ ಅದರಿಂದಲೇ ಗುಣವಾಯಿತೆಂದು ತೋರುವುದು ಸಹಜ. ಕೆಮ್ಮಣ್ಣು, ಸೊಪ್ಪಿನ ರಸ, ಸುಣ್ಣ ಇವುಗಳಿಂದ ಒಡೆದ ಗುಳ್ಳೆಗೆ ಕೀವು ಸೇರುವ ಅಪಾಯವುಂಟು. ಅದಕ್ಕಿಂತ ದೊಡ್ಡ ನಷ್ಟವೆಂದರೆ ಕಾಲದ್ದು.

ಕಾಲವೆಂದರೆ ಇಲ್ಲಿ 72 ಗಂಟೆ, ಅಂದರೆ ಮೂರು ದಿನ. ಗುಳ್ಳೆ ಕಾಣಿಸಿಕೊಂಡ ಮೂರು ದಿನಗಳೊಳಗೆ ವೈರಾಣುವನ್ನು ತಡೆಯುವ ಔಷಧವನ್ನು ಆರಂಭಿಸಿದರೆ ಗುಳ್ಳೆ ಬೇಗ ಮಾಯುತ್ತದೆ, ಆರಂಭದ ನೋವೂ ತಗ್ಗುತ್ತದೆ. ಮುಂದಿನ ದೀರ್ಘ ನೋವನ್ನು ಅದು ಖಂಡಿತವಾಗಿ ತಡೆಯುವುದೆಂದು ಹೇಳಲಾಗದಿದ್ದರೂ ಇಷ್ಟು ಲಾಭವನ್ನು ಕೈಬಿಡಬಾರದು. ಅಸೈಕ್ಲೋವಿರ್ ಆದರೆ ದಿನಕ್ಕೆ ಐದು ಬಾರಿ 800 ಮಿಲಿಗ್ರಾಂ, ವ್ಯಾಲಸೈಕ್ಲೋವಿರ್ ಆದರೆ ದಿನಕ್ಕೆ ಮೂರು ಬಾರಿ 1000 ಮಿಲಿಗ್ರಾಂ, ಏಳು ದಿನ ಎಂಬುದು ವಯಸ್ಕರಿಗೆ ರೂಢಿಯಲ್ಲಿರುವ ಪ್ರಮಾಣ. ಮೂತ್ರಪಿಂಡ ದುರ್ಬಲವಾದವರಿಗೆ ಇದನ್ನು ತಗ್ಗಿಸಬೇಕಾಗುವುದರಿಂದ ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ನುಂಗಬಾರದು. ನೀರನ್ನು ಧಾರಾಳವಾಗಿ ಕುಡಿಸಬೇಕು. ಮೂರು ದಿನ ಮೀರಿತೆಂದು ಮನೆಯಲ್ಲೇ ಕೂರಬೇಕಾಗಿಲ್ಲ; ಹೊಸ ಗುಳ್ಳೆಗಳು ಇನ್ನೂ ಏಳುತ್ತಿದ್ದರೆ ವೈದ್ಯರು ಆಗಲೂ ಔಷಧ ಕೊಡುತ್ತಾರೆ. ಹಣೆ, ಕಣ್ಣಿನ ಸುತ್ತ, ಅದರಲ್ಲೂ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಅಂದೇ ನೇತ್ರವೈದ್ಯರಲ್ಲಿಗೆ ಹೋಗಬೇಕು, ದೃಷ್ಟಿಗೇ ಅಪಾಯವಾಗಬಹುದು. ಕಿವಿಯಲ್ಲಿ ಗುಳ್ಳೆ ಎದ್ದು ಬಾಯಿ ಸೊಟ್ಟಗಾದರೂ ತಡಮಾಡುವಂತಿಲ್ಲ.

ಗುಳ್ಳೆ ಏಳುವ ಎರಡು ಮೂರು ದಿನ ಮೊದಲೇ ಒಂದು ಬದಿಯಲ್ಲಿ ಉರಿ, ಚುಚ್ಚು, ಜುಮುಗುಡುವಿಕೆ ಆರಂಭವಾಗುತ್ತದೆ. ಆಗ ಎದೆನೋವೆಂದೋ ಮೂತ್ರಕಲ್ಲೆಂದೋ ಹಲ್ಲುನೋವೆಂದೋ ಶಂಕಿಸಿ ಪರೀಕ್ಷೆ ನಡೆಸುವುದು ತಪ್ಪಲ್ಲ. ಆದರೆ ದಿನಕ್ಕೊಮ್ಮೆ ಅಂಗಿ ತೆಗೆಸಿ ಆ ಜಾಗವನ್ನು ನೋಡುತ್ತಿರಬೇಕು.

ನಮ್ಮ ಸಮಾಜದ ಮನೆಗಳಲ್ಲಿ ಮಾತ್ರ ಏಳುವ ಒಂದು ತೊಡಕನ್ನು ಯಾವ ವೈದ್ಯಗ್ರಂಥವೂ ಹೇಳದು. ಸರ್ಪಸುತ್ತು ಬಹುಪಾಲು ಎದೆ, ಬೆನ್ನುಗಳಲ್ಲಿಯೇ ಏಳುತ್ತದೆ. ಶಿವದಾರವೂ ಕರಡಿಗೆಯೂ ಅಲ್ಲಿಯೇ ಇರುತ್ತವೆ. ದಾರ ಉಜ್ಜಿದಾಗಲೆಲ್ಲ ಜೀವ ಹೋದಂತಾಗುತ್ತದೆ. ಆದರೂ ಇಷ್ಟಲಿಂಗವನ್ನು ಅಂಗದಿಂದ ಅಗಲಿಸಲಾರೆವೆಂದು ಹಲ್ಲುಕಚ್ಚಿ ಸಹಿಸುವ ತಾಯಂದಿರಿದ್ದಾರೆ. ಅವರ ನಿಷ್ಠೆಗೆ ಶರಣು. ಆದರೆ ಕರ, ಕಕ್ಷ, ಕಂಠ, ಉರ, ಉತ್ತಮಾಂಗ ಮೊದಲಾದ ಹಲವು ಸ್ಥಾನಗಳನ್ನು ನಮ್ಮ ಹಿರಿಯರು ಲಿಂಗಧಾರಣೆಗೆ ಹೇಳಿರುವಾಗ ನೋಯುವ ಉರದಲ್ಲಿಯೇ ಹಟ ಹಿಡಿಯಬೇಕಾದುದಿಲ್ಲ. ದಾರವನ್ನು ಗಿಡ್ಡ ಮಾಡಿ ಕಂಠದಲ್ಲಿ ನಿಲ್ಲಿಸಬಹುದು. ಮೆತ್ತನೆಯ ವಸ್ತ್ರದಲ್ಲಿ ಸುತ್ತಿ ನೋವಿಲ್ಲದ ಬದಿಯ ತೋಳಿಗೆ ಕಟ್ಟಿಕೊಳ್ಳಬಹುದು. ಸಂದೇಹವಿದ್ದರೆ ತಮ್ಮ ಗುರುಗಳನ್ನು ವಿಚಾರಿಸಿದರಾಯಿತು. ವಿಭೂತಿಯನ್ನು ಒಡೆದ ಗುಳ್ಳೆಗಳ ಮೇಲೆ ಮಾತ್ರ ಧರಿಸಬಾರದು. ಸ್ನಾನವನ್ನು ನಿಲ್ಲಿಸಬೇಕೆಂಬುದೂ ತಪ್ಪು ತಿಳಿವಳಿಕೆ. ಉಗುರುಬೆಚ್ಚನೆಯ ನೀರಿನಿಂದ ಮೈತೊಳೆದು, ಉಜ್ಜದೆ ಒತ್ತಿ ಒರೆಸಿಕೊಂಡರೆ ಸಾಕು. ಹೀಗಾಗಿ ಪೂಜೆ ತಪ್ಪಬೇಕಾದ ಪ್ರಸಂಗವೇ ಇಲ್ಲ.

ಮೈಲಿಗೆಯ ಮಾತಂತೂ ನಮ್ಮಲ್ಲಿ ಬರಕೂಡದು. ಸೂತಕಗಳನ್ನೇ ತೊರೆದವರು ರೋಗಿಯ ತಟ್ಟೆಯನ್ನು ಬೇರೆ ಇಡುವುದೇ? ಎಚ್ಚರ ಬೇಕಾದದ್ದು ಗುಳ್ಳೆಯ ನೀರಿನ ವಿಷಯದಲ್ಲಿ ಮಾತ್ರ. ಸೀತಾಳೆ ಸಿಡುಬು ಬಾರದವರಿಗೆ, ಮುಖ್ಯವಾಗಿ ಬಸುರಿಯರಿಗೆ ಮತ್ತು ಹಸುಗೂಸುಗಳಿಗೆ, ಅದು ತಗುಲಿದರೆ ಸಿಡುಬು ಬರಬಹುದು. ಗುಳ್ಳೆಗಳನ್ನು ಬಟ್ಟೆಯಿಂದ ಮುಚ್ಚಿ, ಎಲ್ಲವೂ ಹೊಪ್ಪಳೆಗಟ್ಟುವವರೆಗೆ ಅವರನ್ನು ದೂರವಿಟ್ಟರೆ ಸಾಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಗುಳ್ಳೆ ಎದ್ದು ಮೂರು ತಿಂಗಳಾದರೂ ನೋವು ಉಳಿದರೆ ಅದನ್ನು ವೈದ್ಯರು ಬೇರೊಂದು ವ್ಯಾಧಿಯೆಂದೇ ಪರಿಗಣಿಸುತ್ತಾರೆ. ವೈರಾಣು ಹಾದುಬಂದ ನರಕ್ಕೆ ಪೆಟ್ಟಾಗಿರುತ್ತದೆ. ಪೆಟ್ಟಾದ ನರ ಸುಮ್ಮನಿರಲಾರದೆ ಮಿದುಳಿಗೆ ಸುಳ್ಳು ಸುದ್ದಿ ಕಳಿಸುತ್ತಲೇ ಇರುತ್ತದೆ. ಸುಳ್ಳು ಸುದ್ದಿಯಾದರೂ ನೋವು ಸುಳ್ಳಲ್ಲ. ಫ್ಯಾನಿನ ಗಾಳಿ ಸೋಕಿದರೆ ಬೆಂಕಿ ಸೋಕಿದಂತಾಗುತ್ತದೆ. ಸೀರೆಯ ಸೆರಗು ತಾಗಿದರೆ ಮುಳ್ಳು ಗೀರಿದಂತಾಗುತ್ತದೆ. ಕೆಲವರಿಗೆ ಅದೇ ಜಾಗ ಜೋಮು ಹಿಡಿದೂ ಇರುತ್ತದೆ, ಉರಿಯುತ್ತಲೂ ಇರುತ್ತದೆ. ರಾತ್ರಿ ಮನೆ ನಿಶ್ಶಬ್ದವಾದಾಗ ನೋವಿನ ಕಡೆಗೇ ಗಮನ ಹೋಗಿ ಬಾಧೆ ಹೆಚ್ಚುತ್ತದೆ. ವಯಸ್ಸು ಹೆಚ್ಚಿದಷ್ಟೂ, ಆರಂಭದ ನೋವು ತೀವ್ರವಾಗಿದ್ದಷ್ಟೂ ಹೀಗಾಗುವ ಸಂಭವ ಅಧಿಕ. ಬಹುಜನರಿಗೆ ಇದು ತಿಂಗಳುಗಳಲ್ಲಿ ನಿಧಾನವಾಗಿ ಇಳಿಯುತ್ತದೆ. ಕೆಲವರಿಗೆ ವರ್ಷ ಮೀರುತ್ತದೆ. ಇಳಿಯುವಾಗಲೂ ನೇರವಾಗಿ ಇಳಿಯದು. ನಾಲ್ಕು ದಿನ ಹಗುರವಾಗಿ ಐದನೆಯ ದಿನ ಮತ್ತೆ ಕೆರಳಿದರೆ ರೋಗ ಮರುಕಳಿಸಿತೆಂದು ಎದೆಗುಂದಬೇಕಾಗಿಲ್ಲ.

ಸಾಮಾನ್ಯ ನೋವಿನ ಮಾತ್ರೆಗಳು ನರದ ನೋವಿಗೆ ಅಷ್ಟಾಗಿ ನಾಟುವುದಿಲ್ಲ. ತಿಂಗಳುಗಟ್ಟಲೆ ನುಂಗಿದರೆ ಅವುಗಳಲ್ಲಿ ಹಲವು ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು ಮಾಡುತ್ತವೆ. ವೈದ್ಯರು ಕೊಡುವುದು ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್, ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್ ಎಂಬಂಥ ಔಷಧಗಳನ್ನು. ಇಲ್ಲಿಯೇ ಮನೆಗಳಲ್ಲಿ ಒಂದು ಅನರ್ಥ ನಡೆಯುತ್ತದೆ. ಮೊದಲಿನ ಎರಡು ಖಿನ್ನತೆಗೂ, ಉಳಿದೆರಡು ಮೂರ್ಛೆರೋಗಕ್ಕೂ ಬಳಕೆಯಲ್ಲಿವೆ. ಔಷಧದಂಗಡಿಯವರ ಬಾಯಿಂದಲೋ ಬಂಧುಗಳೊಬ್ಬರ ಬಾಯಿಂದಲೋ ಈ ಸಂಗತಿ ಹೊರಬಿದ್ದ ಕೂಡಲೇ ‘ಅಜ್ಜಿಯ ತಲೆ ಕೆಟ್ಟಿದೆಯೆಂದು ವೈದ್ಯರೂ ತಿಳಿದಿದ್ದಾರೆ’ ಎಂದು ಮನೆಯವರು ನಿರ್ಧರಿಸುತ್ತಾರೆ; ಅಜ್ಜಿ ಅಪಮಾನಗೊಂಡು ಮಾತ್ರೆಯನ್ನು ಬಿಟ್ಟುಬಿಡುತ್ತಾರೆ. ಕೆರಳಿದ ನರವನ್ನು ತಣಿಸುವ ಗುಣ ಇವಕ್ಕೆ ಇರುವುದರಿಂದ ಕೊಡುತ್ತಾರೆಯೇ ಹೊರತು ಮನಸ್ಸಿನ ಮೇಲಿನ ಶಂಕೆಯಿಂದಲ್ಲ. ಇವುಗಳ ಫಲ ಕಾಣಲು ಎರಡರಿಂದ ನಾಲ್ಕು ವಾರ ಬೇಕಾಗಬಹುದು. ಕಡಿಮೆ ಪ್ರಮಾಣದಲ್ಲಿ ರಾತ್ರಿ ಆರಂಭಿಸಿ ಮೆಲ್ಲನೆ ಏರಿಸುತ್ತಾರೆ. ಬಾಯಿ ಒಣಗುವುದು, ತೂಕಡಿಕೆ, ತಲೆಸುತ್ತು ಬರಬಹುದು. ಹಿರಿಯರು ರಾತ್ರಿ ಬಚ್ಚಲಿಗೆ ಏಳುವಾಗ ಜೊತೆಗೊಬ್ಬರಿರಲಿ, ಸಣ್ಣ ದೀಪವೊಂದು ಉರಿಯುತ್ತಿರಲಿ. ಮೂತ್ರ ಕಟ್ಟುವ ತೊಂದರೆಯೋ ಹೃದಯದ ಕಾಯಿಲೆಯೋ ಇದ್ದರೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಗುಣವಾಯಿತೆಂದು ಒಮ್ಮೆಲೇ ನಿಲ್ಲಿಸಕೂಡದು.

ಲಿಡೊಕೇನ್ ಪಟ್ಟಿಯೂ ಮೆಣಸಿನಕಾಯಿಯ ಖಾರದ ಸತ್ವವಾದ ಕ್ಯಾಪ್ಸೈಸಿನ್ ಮುಲಾಮೂ ಉಂಟು. ಪೂರ್ಣ ಮಾಯ್ದ ಚರ್ಮದ ಮೇಲೆ ಮಾತ್ರ ಇವುಗಳ ಬಳಕೆ. ಇದನ್ನು ಓದಿ ಯಾರೂ ಮನೆಯ ಖಾರದಪುಡಿಯನ್ನು ಹಚ್ಚಲು ಹೋಗಬಾರದೆಂದು ಕೈಮುಗಿದು ಬೇಡುತ್ತೇವೆ.

ಮನೆಯಲ್ಲಿ ಮಾಡಬಹುದಾದ ಉಪಚಾರಕ್ಕೆ ಖರ್ಚೇನೂ ಇಲ್ಲ. ಹಲವು ಬಾರಿ ಒಗೆದು ಮೆತ್ತಗಾದ ಹತ್ತಿಯ ಪಂಚೆ, ಹಳೆಯ ನೂಲಿನ ಸೀರೆ ಮೈಗೆ ಹಿತ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಹಾಕಿದರೆ ಉರಿ ತಗ್ಗುತ್ತದೆ; ಮಂಜುಗಡ್ಡೆ ಬೇಡ. ನಾವು ಬಲ್ಲ ಒಂದು ಮನೆಯಲ್ಲಿ ಸೊಸೆಯೊಬ್ಬರು ಹಸುಗೂಸಿನ ಮೇಲೆ ಕವಿಚುವ ಸೊಳ್ಳೆಪರದೆಯ ಚೌಕಟ್ಟನ್ನು ಅತ್ತೆಯವರ ಮೈಮೇಲೆ ನಿಲ್ಲಿಸಿ, ಅದರ ಮೇಲೆ ಹೊದಿಕೆ ಹೊದಿಸುತ್ತಿದ್ದರು. ಹೊದಿಕೆ ಮೈಗೆ ತಾಗುತ್ತಿರಲಿಲ್ಲ, ಚಳಿಯೂ ಆಗುತ್ತಿರಲಿಲ್ಲ. ಆಸ್ಪತ್ರೆಗಳಲ್ಲಿ ಸುಟ್ಟಗಾಯದವರಿಗೆ ಮಾಡುವ ಏರ್ಪಾಡೂ ಇಂಥದೇ ಎಂದು ಆ ತಾಯಿಗೆ ಯಾರೂ ಹೇಳಿರಲಿಲ್ಲ. ಪಥ್ಯದ ಹೆಸರಿನಲ್ಲಿ ಬರೀ ಗಂಜಿ ಕೊಟ್ಟು ಹಿರಿಯರನ್ನು ಸೊರಗಿಸಬಾರದು. ಎಂದಿನ ರೊಟ್ಟಿ, ಬೇಳೆ, ಕಾಯಿಪಲ್ಯ, ಮಜ್ಜಿಗೆ ಎಲ್ಲವೂ ಆಗುತ್ತದೆ.

ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ದೃಷ್ಟಿ ನೆಟ್ಟು ಕುಳಿತಷ್ಟು ಹೊತ್ತು ನೋವು ಹಿಂದೆ ಸರಿಯುತ್ತದೆಂದು ಹಲವರು ನಮಗೆ ತಿಳಿಸಿದ್ದಾರೆ. ಗಮನ ಬೇರೆಡೆ ನೆಟ್ಟಾಗ ನೋವಿನ ತೀವ್ರತೆ ತಗ್ಗುವುದನ್ನು ವೈದ್ಯರೂ ಒಪ್ಪುತ್ತಾರೆ. ಆದರೆ ಇದನ್ನು ನೋಯುವವರು ತಾವೇ ಕಂಡುಕೊಳ್ಳಬೇಕು. ‘ಶಿವಧ್ಯಾನ ಮಾಡಿದರೆ ಹೋಗುತ್ತದೆ’ ಎಂದು ಪಕ್ಕದವರು ಹೇಳಿದರೆ, ಹೋಗದಿದ್ದಾಗ ತನ್ನ ಭಕ್ತಿಯಲ್ಲಿಯೇ ಕೊರತೆಯೆಂಬ ಇನ್ನೊಂದು ನೋವನ್ನು ಅವರ ತಲೆಯ ಮೇಲೆ ಹೊರಿಸಿದಂತಾಗುತ್ತದೆ. ‘ಇಂದು ಎಷ್ಟಿದೆ? ನಿನ್ನೆಗಿಂತ ಹೆಚ್ಚೋ ಕಡಿಮೆಯೋ?’ ಎಂದು ಕೇಳಿ, ಹೇಳಿದ್ದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಎರಡು ಲಾಭ. ವೈದ್ಯರಿಗೆ ಔಷಧದ ಪ್ರಮಾಣ ನಿರ್ಧರಿಸಲು ಅನುಕೂಲ. ಹಿರಿಯರಿಗೆ ತಮ್ಮ ಮಾತನ್ನು ನಂಬುವವರಿದ್ದಾರೆಂಬ ಸಮಾಧಾನ. ನಿದ್ರೆಗೆಟ್ಟು ‘ಶಿವ ಕರೆದುಕೊಂಡರೆ ಸಾಕು’ ಎಂದು ಪದೇ ಪದೇ ಹೇಳತೊಡಗಿದರೆ ವೃದ್ಧಾಪ್ಯದ ಮಾತೆಂದು ಕಡೆಗಣಿಸದೆ ವೈದ್ಯರಿಗೆ ಅದನ್ನೂ ತಿಳಿಸಬೇಕು.

ಕೊನೆಯದಾಗಿ ಲಸಿಕೆ. ಸರ್ಪಸುತ್ತನ್ನು ತಡೆಯುವ ಶಿಂಗ್ರಿಕ್ಸ್ ಎಂಬ ಲಸಿಕೆ 2023ರಿಂದ ಭಾರತದಲ್ಲಿಯೂ ದೊರೆಯುತ್ತಿದೆ. ಐವತ್ತು ದಾಟಿದವರು ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಬಾರಿ ಚುಚ್ಚಿಸಿಕೊಳ್ಳಬೇಕು. 2015 ಮತ್ತು 2016ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಐವತ್ತು ದಾಟಿದವರಿಗೆ ಶೇಕಡಾ 97ರಷ್ಟು, ಎಪ್ಪತ್ತು ದಾಟಿದವರಿಗೂ ಶೇಕಡಾ 90ರ ಸುಮಾರಿಗೆ ರಕ್ಷಣೆ ಕಂಡುಬಂದಿದೆ. ಬೆಲೆ ದುಬಾರಿಯೆಂಬುದು ನಿಜ. ತೋಳುನೋವು, ಒಂದೆರಡು ದಿನದ ಜ್ವರ ಬರಬಹುದು. ಈಗಾಗಲೇ ಸರ್ಪಸುತ್ತು ಬಂದುಹೋದವರೂ ಹಾಕಿಸಿಕೊಳ್ಳಬಹುದು, ಏಕೆಂದರೆ ಕೆಲವರಿಗೆ ಅದು ಮತ್ತೊಮ್ಮೆ ಬರುವುದುಂಟು. ಆದರೆ ಗುಳ್ಳೆಗಳು ಪೂರ್ಣ ಮಾಯುವವರೆಗೆ ಕಾಯಬೇಕು. ಈಗಾಗಲೇ ಉಳಿದಿರುವ ನೋವಿಗೆ ಲಸಿಕೆ ಔಷಧವಲ್ಲವೆಂಬುದನ್ನು ನೆನಪಿನಲ್ಲಿಟ್ಟು, ತಮ್ಮ ವೈದ್ಯರ ಸಲಹೆಯಂತೆ ನಿರ್ಧರಿಸಬಹುದು.